ಕನ್ನಡ ಫಾಂಟ್ ಬಿಲ್ಡ್ ಮಾಡುವ ಮುನ್ನ ಕಂಪ್ಯೂಟರ್ ಅಣಿಯಾಗಲಿ

ಕನ್ನಡದ ಫಾಂಟ್‌ನಲ್ಲಿ ಒಂದು ಒತ್ತಕ್ಷರ ಸರಿಯಾಗಿ ಕೂತಿಲ್ಲ ಅನ್ನಿ. ಷಕಾರದ ಕೆಳಗಿನ ಣ ಒತ್ತು ಪಕ್ಕದ ಅಕ್ಷರಕ್ಕೆ ತಾಗುತ್ತಿದೆ, ಅಥವಾ ಗಕಾರದ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತಿದೆ. ಹಣ ಕೊಟ್ಟು ತಂದ ಮುಚ್ಚಿದ ಫಾಂಟ್ ಆದರೆ ದೂರು ಬರೆದು ಕಾಯಬೇಕು. ಸ್ವತಂತ್ರ ತಂತ್ರಾಂಶದ ಫಾಂಟ್ ಆದರೆ ಅದರ ಮೂಲ ಕಡತವೇ ಸಿಗುತ್ತದೆ. ತೆರೆದು, ತಿದ್ದಿ, ಮತ್ತೆ ಬಿಲ್ಡ್ ಮಾಡಿಕೊಳ್ಳಬಹುದು. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’ ಮತ್ತು ‘ನವಿಲು’ ಇಂಥವು. ನವಿಲು ಕೈಬರಹದ ಧಾಟಿಯ ಫಾಂಟ್. ಎರಡೂ ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ.

ಒತ್ತನ್ನು ಸರಿಸುವ ಕೆಲಸ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹೊತ್ತು ಹಿಡಿಯುವುದು ಅದಕ್ಕೆ ಮುಂಚಿನ ತಯಾರಿ. ಕಂಪ್ಯೂಟರನ್ನು ಅಣಿಗೊಳಿಸಬೇಕು, ಬಿಲ್ಡ್ ಉಪಕರಣ ಹಾಕಬೇಕು, ಆ ಉಪಕರಣ ಕೇಳುವ ಇತರ ತಂತ್ರಾಂಶಗಳನ್ನು, ಅಂದರೆ ಡಿಪೆಂಡೆನ್ಸಿಗಳನ್ನು, ಒಂದೊಂದಾಗಿ ಹೊಂದಿಸಬೇಕು. ಹೊಸಬರು ಕೈಬಿಡುವುದು ಸಾಮಾನ್ಯವಾಗಿ ಇಲ್ಲೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ವಿದ್ಯಾರ್ಥಿಗೆ ಇದರ ಜೊತೆಗೆ ಹಳೆಯ ಲ್ಯಾಪ್‌ಟಾಪ್, ದಿನಕ್ಕಿಷ್ಟೇ ಎಂಬ ಮೊಬೈಲ್ ಡೇಟಾ, ಮಳೆಗಾಲದಲ್ಲಿ ಹೇಳದೆ ಹೋಗುವ ಕರೆಂಟ್ ಬೇರೆ. ಕ್ರಮ ಗೊತ್ತಿದ್ದರೆ ಇವು ಯಾವುವೂ ಕೆಲಸವನ್ನು ನಿಲ್ಲಿಸಲಾರವು.

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಬಿಲ್ಡ್ ಎಂದರೆ ಏನು ನಡೆಯುತ್ತದೆ?

ಫಾಂಟ್‌ನ ಮೂಲ ಕಡತದಲ್ಲಿ ಪ್ರತಿ ಅಕ್ಷರದ ಬಾಗು ಬಳುಕು ಅಂಕಿಗಳ ರೂಪದಲ್ಲಿರುತ್ತದೆ. ‘ಫಾಂಟ್‌ಫೋರ್ಜ್’ ಬಳಸುವ ಎಸ್‌ಎಫ್‌ಡಿ ಕಡತವನ್ನು ಮಾಮೂಲಿ ಪಠ್ಯ ಸಂಪಾದಕದಲ್ಲೂ ತೆರೆದು ನೋಡಬಹುದು. ಆದರೆ ಲಿಬ್ರೆ ಆಫೀಸ್‌ಗೋ ಬ್ರೌಸರ್‌ಗೋ ಬೇಕಾದದ್ದು ಟಿಟಿಎಫ್ ಕಡತ. ಮೂಲದಿಂದ ಟಿಟಿಎಫ್‌ಗೆ ಬರುವ ಈ ಪರಿವರ್ತನೆಯೇ ಬಿಲ್ಡ್.

ಫಾಂಟ್‌ಫೋರ್ಜ್ ಅನ್ನು ಜಾರ್ಜ್ ವಿಲಿಯಮ್ಸ್ 2000ದಲ್ಲಿ ‘ಪಿಎಫ್‌ಎಎಡಿಟ್’ ಎಂಬ ಹೆಸರಿನಲ್ಲಿ ಶುರುಮಾಡಿದರು. ಈಗಿನ ಹೆಸರು ಬಂದದ್ದು 2004ರಲ್ಲಿ. ಅದು ಒಂಟಿಯಾಗಿ ಕೆಲಸ ಮಾಡುವ ತಂತ್ರಾಂಶವಲ್ಲ. ಅಕ್ಷರಗಳನ್ನು ಪರದೆಗೆ ಇಳಿಸಲು ಫ್ರೀಟೈಪ್ ಬೇಕು, ಕೆಲವು ಕಡತಗಳನ್ನು ಓದಲು ಎಕ್ಸ್‌ಎಂಎಲ್ ಗ್ರಂಥಾಲಯ ಬೇಕು, ಸ್ಕ್ರಿಪ್ಟ್ ನಡೆಸಲು ಪೈಥಾನ್ ಬೇಕು. ಇವುಗಳಿಗೂ ತಮ್ಮದೇ ಡಿಪೆಂಡೆನ್ಸಿಗಳುಂಟು. ನೀವು ಒಂದನ್ನು ಕೇಳಿದರೆ ಅದರ ಬೆನ್ನಿಗೆ ಹತ್ತಾರು ಪ್ಯಾಕೇಜುಗಳು ಇಳಿದುಬರುವುದು ಈ ಕಾರಣಕ್ಕೆ.

ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ, ಯಾವ ಕಡತ ಬದಲಾದರೆ ಯಾವುದನ್ನು ಮತ್ತೆ ಮಾಡಬೇಕು ಎಂದು ನೋಡಿಕೊಳ್ಳುವುದು ಬಿಲ್ಡ್ ಉಪಕರಣದ ಕೆಲಸ. ಇವುಗಳ ಪೈಕಿ ಹಿರಿಯದು ‘ಮೇಕ್’. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದದ್ದು. ತಪ್ಪನ್ನು ಆಗಲೇ ತಿದ್ದಿದ್ದರೂ ಬದಲಾದ ಕಡತವನ್ನು ಮತ್ತೆ ಕಂಪೈಲ್ ಮಾಡದ ಕಾರಣ ಸಹೋದ್ಯೋಗಿಯೊಬ್ಬರು ಇಡೀ ಬೆಳಗ್ಗೆ ಕಳೆದುಕೊಂಡದ್ದು ಅದಕ್ಕೆ ಪ್ರೇರಣೆ. ಅದೇ ಮೇಕ್ ಇಂದಿಗೂ ಚಾಲ್ತಿಯಲ್ಲಿದೆ. ಡೆಬಿಯನ್ ಪ್ಯಾಕೇಜ್ ಕಟ್ಟುವ ನಿಯಮಗಳ ಕಡತವೂ ಮೇಕ್ ನಿಯಮದಲ್ಲೇ ಬರೆದದ್ದು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಈ ತಯಾರಿಯ ಮಹತ್ವ ಹೇಳಿಕೊಡಬೇಕಿಲ್ಲ. ಸೊಪ್ಪು ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಸೌದೆ ಹುಡುಕಲು ಯಾರೂ ಹೊರಡುವುದಿಲ್ಲ. ಕೊಳವೆ, ಸೌದೆ, ಕಡ್ಡಿ, ಥರ್ಮಾಮೀಟರ್ ಎಲ್ಲವನ್ನೂ ಮೊದಲೇ ನೋಡಿಕೊಳ್ಳುತ್ತಾರೆ. ಬಿಲ್ಡ್‌ಗೂ ಅದೇ ಶಿಸ್ತು ಬೇಕು.

ಮೊದಲು ಯಂತ್ರವನ್ನು ನೋಡಿ

ಫಾಂಟ್ ಬಿಲ್ಡ್ ಹಗುರವಾದ ಕೆಲಸ. ಆಂಡ್ರಾಯ್ಡ್ ಕಟ್ಟುವವರಿಗೆ ಬೇಕಾದಂಥ ಭಾರಿ ಯಂತ್ರ ಇದಕ್ಕೆ ಬೇಡ. ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಮೂರು ಸಂಗತಿಗಳನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಮೊದಲನೆಯದು ಪ್ರೊಸೆಸರ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದು. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಕೊಟ್ಟರೆ ಮೇಲಿನ ಸಾಲುಗಳಲ್ಲೇ ಉತ್ತರವಿರುತ್ತದೆ. 64 ಬಿಟ್ ಪ್ರೊಸೆಸರ್ ಇದ್ದೂ ಯಾರೋ 32 ಬಿಟ್ ವ್ಯವಸ್ಥೆ ಹಾಕಿಟ್ಟಿರುವ ಕಂಪ್ಯೂಟರ್‌ಗಳು ಸಾಕಷ್ಟಿವೆ. ಅಂಥದ್ದರಲ್ಲಿ ಹೊಸದಾಗಿ 64 ಬಿಟ್ ವ್ಯವಸ್ಥೆಯನ್ನೇ ಹಾಕಿ. ನಿಜಕ್ಕೂ 32 ಬಿಟ್ ಯಂತ್ರವಾದರೆ 2023ರ ಡೆಬಿಯನ್ 12 ಹಾಕಬಹುದು. 2025ರ ಡೆಬಿಯನ್ 13ರಲ್ಲಿ ಅಂಥ ಯಂತ್ರಕ್ಕೆ ಇನ್‌ಸ್ಟಾಲರ್ ಇಲ್ಲ.

ಎರಡನೆಯದು ರ್‍ಯಾಮ್. ‘ಫ್ರೀ’ ಎಂಬ ಆಜ್ಞೆಗೆ ‘ಹೈಫನ್ ಎಚ್’ ಸೇರಿಸಿದರೆ ಜಿಬಿ ಲೆಕ್ಕದಲ್ಲಿ ತೋರಿಸುತ್ತದೆ. 4 ಜಿಬಿ ಇದ್ದರೆ ಉಬುಂಟು ನಡೆಯುತ್ತದೆ. 2 ಜಿಬಿ ಮಾತ್ರ ಇದ್ದರೆ ಡೆಬಿಯನ್ ಜೊತೆಗೆ ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಆರಿಸಿಕೊಳ್ಳಿ.

ಮೂರನೆಯದು ಡಿಸ್ಕ್‌ನಲ್ಲಿ ಖಾಲಿ ಜಾಗ. ‘ಡಿಎಫ್ ಹೈಫನ್ ಎಚ್’ ಅದನ್ನು ಹೇಳುತ್ತದೆ. ಉಬುಂಟು 24.04ಕ್ಕೆ 25 ಜಿಬಿ ಬೇಕೆಂಬುದು ಅದರ ತಯಾರಕರ ಸಲಹೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ಮಾಡುವ ಖರ್ಚಿಗಿಂತ ಹೆಚ್ಚಿನ ಪ್ರಯೋಜನ ಸಿಗುತ್ತದೆ.

ವಿಂಡೋಸ್ ತೆಗೆಯುವುದು ಬೇಡ ಎನ್ನುವವರಿಗೂ ದಾರಿಯಿದೆ. ವಿಂಡೋಸ್ 10ರ 2004ನೇ ಆವೃತ್ತಿ ಅಥವಾ ನಂತರದ್ದಿದ್ದರೆ, ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಬ್ಲ್ಯುಎಸ್‌ಎಲ್’ ಆಜ್ಞೆಗೆ ‘ಇನ್‌ಸ್ಟಾಲ್’ ಆಯ್ಕೆ ಕೊಡಿ. ವಿಂಡೋಸ್ ಒಳಗೇ ಉಬುಂಟು ಬಂದು ಕೂರುತ್ತದೆ. ಅದು ತಪ್ಪು ತೋರಿಸಿ ನಿಂತರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಆಗಿದೆಯೇ ನೋಡಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಬೇಕಾದ ಟಿಪಿಎಂ 2.0 ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವುದೇ ವಾಸಿ.

ಹಾಕುವ ಮುನ್ನ ಫೋಟೊ, ಅಂಕಪಟ್ಟಿ, ಪ್ರಾಜೆಕ್ಟ್ ವರದಿಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಡಿ. ಉಬುಂಟು ಐಎಸ್‌ಒ ಕಡತ 6 ಜಿಬಿ ಆಸುಪಾಸು ಇರುತ್ತದೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಲಾನ್‌ಗೆ ಅದು ದಕ್ಕದು. ಕಾಲೇಜಿನ ಲ್ಯಾಬ್‌ನಲ್ಲೋ, ಇಂಟರ್ನೆಟ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲೋ ಕೇಳಿಕೊಂಡು ಇಳಿಸಿ, 16 ಜಿಬಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಡೆಬಿಯನ್‌ನ ‘ನೆಟ್‌ಇನ್‌ಸ್ಟ್’ ಕಡತ 1 ಜಿಬಿಗಿಂತ ಚಿಕ್ಕದು, ಆದರೆ ಉಳಿದದ್ದನ್ನು ಅದು ಹಾಕುವಾಗ ಇಳಿಸಿಕೊಳ್ಳುತ್ತದೆ. ಕಡತ ಅರ್ಧಕ್ಕೇ ನಿಂತಿದೆಯೋ ಕೆಟ್ಟಿದೆಯೋ ತಿಳಿಯಲು ‘ಶಾ256ಸಮ್’ ಆಜ್ಞೆ ಕೊಟ್ಟು, ಬಂದ ಅಂಕಿ-ಅಕ್ಷರಗಳ ಸಾಲು ಅಧಿಕೃತ ತಾಣದಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಇಷ್ಟು ಮಾಡಿದರೆ, ಇನ್‌ಸ್ಟಾಲ್ ನಡುವೆ ಕಾರಣವಿಲ್ಲದೆ ನಿಲ್ಲುವ ತಾಪತ್ರಯದಲ್ಲಿ ಬಹುಪಾಲು ತಪ್ಪುತ್ತದೆ.

ಗಡಿಯಾರ, ಪಟ್ಟಿ, ಬೀಗ

ಹಳೆಯ ಯಂತ್ರಗಳಲ್ಲಿ ಯಾರೂ ನೋಡದ ಒಂದು ತೊಂದರೆಯಿದೆ. ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತದೆ. ಆಗ ಪ್ಯಾಕೇಜ್ ಭಂಡಾರದ ‘ರಿಲೀಸ್ ಫೈಲ್’ ಇನ್ನೂ ಜಾರಿಗೆ ಬಂದಿಲ್ಲ ಎಂಬ ವಿಚಿತ್ರ ತಪ್ಪು ಬರುತ್ತದೆ, ಸುರಕ್ಷಿತ ತಾಣಗಳೂ ತೆರೆಯುವುದಿಲ್ಲ. ಜನ ನೆಟ್‌ವರ್ಕನ್ನು ಬೈಯುತ್ತಾರೆ. ತಪ್ಪು ಗಡಿಯಾರದ್ದು. ತಾರೀಖು ಸರಿಮಾಡಿಕೊಳ್ಳಿ, ಪೇಟೆಗೆ ಹೋದಾಗ ಆ ಬ್ಯಾಟರಿ ತನ್ನಿ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್2032.

ಆಮೇಲೆ, ಪ್ಯಾಕೇಜ್ ತರಿಸುವ ‘ಆಪ್ಟ್’ ಉಪಕರಣಕ್ಕೆ ‘ಸುಡೊ’, ಅಂದರೆ ಅಡ್ಮಿನಿಸ್ಟ್ರೇಟರ್ ಅಧಿಕಾರ, ಸೇರಿಸಿ ‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಇದು ಯಾವ ತಂತ್ರಾಂಶವನ್ನೂ ಹೊಸದು ಮಾಡುವುದಿಲ್ಲ. ಭಂಡಾರದಲ್ಲಿ ಏನೇನಿದೆ ಎಂಬ ಪಟ್ಟಿಯನ್ನಷ್ಟೇ ತರುತ್ತದೆ. ಪಟ್ಟಿ ಹಳೆಯದಿದ್ದರೆ ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಎಂಬ ಉತ್ತರ ಬರುತ್ತದೆ, ಇಲ್ಲವೇ ಇಳಿಸಹೋದ ಕಡತವೇ ಸಿಗುವುದಿಲ್ಲ. ಇರುವ ತಂತ್ರಾಂಶಗಳನ್ನು ಹೊಸದು ಮಾಡುವುದು ‘ಆಪ್ಟ್ ಅಪ್‌ಗ್ರೇಡ್’. ಡೇಟಾ ಕಡಿಮೆ ಇದ್ದ ದಿನ ಮೊದಲನೆಯದನ್ನು ಮಾಡಿ, ಎರಡನೆಯದನ್ನು ಒಳ್ಳೆಯ ಇಂಟರ್ನೆಟ್ ಸಿಕ್ಕ ದಿನಕ್ಕಿಡಿ. ಆದರೆ ಸುರಕ್ಷತೆಯ ಪರಿಷ್ಕರಣೆಗಳನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಈ ಹಂತದಲ್ಲಿ ‘ಲಾಕ್’ ಸಿಗಲಿಲ್ಲ ಎಂಬ ಸಂದೇಶ ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ತಾನಾಗಿ ಪರಿಷ್ಕರಣೆ ಮಾಡಿಕೊಳ್ಳುತ್ತಿದೆ, ಅದಕ್ಕಾಗಿ ಬೀಗ ಹಾಕಿದೆ. ಸ್ವಲ್ಪ ಕಾಯಿರಿ. ಲಾಕ್ ಕಡತ ಅಳಿಸಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಕೇಳಬೇಡಿ. ಎರಡು ಕೆಲಸಗಳು ಒಟ್ಟಿಗೆ ಒಂದೇ ದಾಖಲೆಯನ್ನು ತಿದ್ದಿದರೆ ಪ್ಯಾಕೇಜುಗಳ ಲೆಕ್ಕವೇ ಕೆಡುತ್ತದೆ.

ಡಿಪೆಂಡೆನ್ಸಿ ತರಿಸುವ ನೇರ ದಾರಿ

ಮೊದಲು ಎಲ್ಲ ಬಿಲ್ಡ್‌ಗೂ ಬೇಕಾದ ಮೂಲ ಸಾಮಗ್ರಿ: ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಫೇಕ್‌ರೂಟ್ ಗಿಟ್’. ಬಿಲ್ಡ್-ಎಸೆನ್ಶಿಯಲ್ ಎಂಬ ಒಂದೇ ಹೆಸರಿನ ಹಿಂದೆ ಸಿ ಮತ್ತು ಸಿ++ ಕಂಪೈಲರ್, ಮೇಕ್, ಡೆಬಿಯನ್ ಪ್ಯಾಕೇಜ್ ಕಟ್ಟುವ ಉಪಕರಣಗಳು ಎಲ್ಲವೂ ಬರುತ್ತವೆ.

ಇನ್ನು ಫಾಂಟ್‌ಗೆ ಏನೇನು ಬೇಕು? ಒಂದೊಂದೇ ಹೆಸರು ಹುಡುಕಿಕೊಂಡು ಹೋಗಬೇಕಿಲ್ಲ. ಡೆಬಿಯನ್‌ನಲ್ಲಿ ಪ್ರತಿ ಮೂಲ ಪ್ಯಾಕೇಜ್ ಜೊತೆಗೂ ‘ಕಂಟ್ರೋಲ್’ ಎಂಬ ಕಡತವಿರುತ್ತದೆ. ಬಿಲ್ಡ್ ಮಾಡಲು ಇವಿವು ಬೇಕು ಎಂದು ಪ್ಯಾಕೇಜ್ ನೋಡಿಕೊಳ್ಳುವವರು ಅದರಲ್ಲಿ ಬರೆದಿಟ್ಟಿರುತ್ತಾರೆ. ಆ ಪಟ್ಟಿಯನ್ನು ಓದಿ ಎಲ್ಲವನ್ನೂ ತರಿಸುವ ಆಜ್ಞೆ ‘ಬಿಲ್ಡ್-ಡೆಪ್’.

ಇದಕ್ಕೆ ಮೂಲ ಪ್ಯಾಕೇಜುಗಳ ಭಂಡಾರ ತೆರೆದಿರಬೇಕು. ಉಬುಂಟು 24.04ರಲ್ಲಿ ಇಟಿಸಿ ಫೋಲ್ಡರ್‌ನ ಆಪ್ಟ್ ಒಳಗೆ ‘ಸೋರ್ಸಸ್.ಲಿಸ್ಟ್.ಡಿ’ ಎಂಬ ಜಾಗದಲ್ಲಿ ‘ಉಬುಂಟು.ಸೋರ್ಸಸ್’ ಕಡತವಿದೆ. ಅದರಲ್ಲಿ ‘ಟೈಪ್ಸ್’ ಎಂಬ ಸಾಲಿನ ಮುಂದೆ ‘ಡೆಬ್’ ಎಂದಷ್ಟೇ ಇರುತ್ತದೆ. ಒಂದು ಜಾಗ ಬಿಟ್ಟು ‘ಡೆಬ್-ಎಸ್‌ಆರ್‌ಸಿ’ ಸೇರಿಸಿ, ಉಳಿಸಿ, ಮತ್ತೊಮ್ಮೆ ಅಪ್‌ಡೇಟ್ ಕೊಡಿ. ಈ ಒಂದು ಪದ ಸೇರಿಸದ ಕಾರಣಕ್ಕೆ ಬಿಲ್ಡ್-ಡೆಪ್ ಕೆಲಸ ಮಾಡದೆ, ಇಡೀ ಉಪಕರಣವೇ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ಈಗ ‘ಸುಡೊ ಆಪ್ಟ್ ಬಿಲ್ಡ್-ಡೆಪ್ ಫಾಂಟ್ಸ್-ನವಿಲು’ ಕೊಡಿ. ಇಂಗ್ಲಿಷ್‌ನಲ್ಲಿ ನವಿಲು ಎಂಬುದಕ್ಕೆ ಎನ್, ಎ, ವಿ, ಐ, ಎಲ್, ಯು. ಎಂಟರ್ ಒತ್ತಿದ ಮೇಲೆ ಬರುವ ಪ್ರಶ್ನೆಗೆ ಅವಸರದಲ್ಲಿ ‘ವೈ’ ಒತ್ತಬೇಡಿ. ಅದರ ಮೇಲಿನ ಎರಡು ಸಾಲು ಓದಿ. ಒಂದು ಎಷ್ಟು ಎಂಬಿ ಇಳಿಸಬೇಕು ಎನ್ನುತ್ತದೆ, ಇನ್ನೊಂದು ಡಿಸ್ಕ್‌ನಲ್ಲಿ ಎಷ್ಟು ಜಾಗ ಹೋಗುತ್ತದೆ ಎನ್ನುತ್ತದೆ. ಇವತ್ತಿನ ಡೇಟಾದಲ್ಲಿ ಆಗುತ್ತದೋ ಇಲ್ಲವೋ ಎಂದು ಅಲ್ಲೇ ಗೊತ್ತಾಗುತ್ತದೆ. ಆಗುವುದಿಲ್ಲ ಎನಿಸಿದರೆ ‘ಎನ್’ ಒತ್ತಿ. ಯಾವ ನಷ್ಟವೂ ಇಲ್ಲ.

ಮುಂದಿನದು ಸುಡೊ ಇಲ್ಲದೆ, ನಿಮ್ಮದೇ ಹೊಸ ಫೋಲ್ಡರ್ ಒಳಗೆ ನಿಂತು ಮಾಡಬೇಕಾದ ಕೆಲಸ. ‘ಆಪ್ಟ್ ಸೋರ್ಸ್ ಫಾಂಟ್ಸ್-ನವಿಲು’ ಎಂದರೆ ಮೂಲ ಕಡತ ಇಳಿದು ಬಿಚ್ಚಿಕೊಳ್ಳುತ್ತದೆ. ಆ ಫೋಲ್ಡರ್ ಒಳಗೆ ಹೋಗಿ ‘ಡಿಪಿಕೆಜಿ-ಚೆಕ್‌ಬಿಲ್ಡ್‌ಡೆಪ್ಸ್’ ಕೊಡಿ. ಅದು ಏನೂ ಹೇಳದೆ ಸುಮ್ಮನೆ ಮುಗಿದರೆ ಎಲ್ಲ ಸರಿಯಿದೆ ಎಂದರ್ಥ. ಏನಾದರೂ ಕಡಿಮೆ ಬಿದ್ದಿದ್ದರೆ ಹೆಸರು ಹಿಡಿದು ಹೇಳುತ್ತದೆ. ನಂತರ ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’ ಆಜ್ಞೆಗೆ ಹೈಫನ್ ಯುಎಸ್, ಹೈಫನ್ ಯುಸಿ, ಹೈಫನ್ ಬಿ ಎಂಬ ಮೂರು ಆಯ್ಕೆ ಕೊಡಿ. ಮೊದಲ ಎರಡು ಡಿಜಿಟಲ್ ಸಹಿ ಬೇಡ ಎನ್ನುತ್ತವೆ. ಮೂರನೆಯದು ಬಳಸುವ ಪ್ಯಾಕೇಜ್ ಅಷ್ಟೇ ಸಾಕು ಎನ್ನುತ್ತದೆ. ಕೆಲಸ ಮುಗಿದಾಗ ಒಂದು ಹಂತ ಮೇಲಿನ ಫೋಲ್ಡರ್‌ನಲ್ಲಿ ‘.ಡೆಬ್’ ಕಡತ ಸಿದ್ಧವಾಗಿರುತ್ತದೆ.

ಏನನ್ನೂ ತಿದ್ದದೆ ಮೊದಲ ಸಲ ಹೀಗೆ ಬಿಲ್ಡ್ ಮಾಡುವುದು ಮುಖ್ಯ. ಮೂಲ ಇದ್ದಂತೆಯೇ ಬಿಲ್ಡ್ ಆಯಿತು ಎಂದರೆ ನಿಮ್ಮ ಕಂಪ್ಯೂಟರ್ ಅಣಿಯಾಗಿದೆ. ಆಮೇಲೆ ಫಾಂಟ್‌ಫೋರ್ಜ್ ತೆರೆದು ಒತ್ತನ್ನು ಸರಿಸಿ, ಮತ್ತೆ ಬಿಲ್ಡ್ ಮಾಡಿದಾಗ ಕೆಟ್ಟರೆ ತಪ್ಪು ನಿಮ್ಮ ತಿದ್ದುಪಡಿಯಲ್ಲಿದೆ ಎಂದು ನಿಶ್ಚಿತವಾಗಿ ಹೇಳಬಹುದು. ಎರಡನ್ನೂ ಒಟ್ಟಿಗೆ ಮಾಡಿದವರಿಗೆ ತಪ್ಪು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಪೈಥಾನ್ ದಾರಿ

ನೋಟೊ ಸಾನ್ಸ್ ಕನ್ನಡದಂಥ ಹೊಸ ಕಾಲದ ಫಾಂಟ್‌ಗಳು ‘ಫಾಂಟ್‌ಮೇಕ್’ ಎಂಬ ಪೈಥಾನ್ ಉಪಕರಣದಿಂದ ಬಿಲ್ಡ್ ಆಗುತ್ತವೆ. ಇದರ ಡಿಪೆಂಡೆನ್ಸಿಗಳನ್ನು ‘ಪಿಪ್’ ತರುತ್ತದೆ. ಆದರೆ ಡೆಬಿಯನ್ 12ರಲ್ಲೋ ಉಬುಂಟು 24.04ರಲ್ಲೋ ನೇರವಾಗಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಹೇಳಿ ನಿಂತುಬಿಡುತ್ತದೆ. ಕಂಪ್ಯೂಟರ್‌ನ ಎಷ್ಟೋ ಕೆಲಸಗಳು ಅದೇ ಪೈಥಾನ್ ಮೇಲೆ ನಡೆಯುವುದರಿಂದ, ಅದನ್ನು ಪಿಪ್ ಕಲಕದಿರಲಿ ಎಂದು ಹಾಕಿದ ತಡೆ ಇದು. ತಡೆಯನ್ನು ಮುರಿಯುವ ಆಯ್ಕೆಯೂ ಇದೆ. ಅದರ ಹೆಸರಿನಲ್ಲೇ ‘ಬ್ರೇಕ್’ ಎಂಬ ಪದವಿದೆ. ಬಳಸಬೇಡಿ.

ಸರಿಯಾದ ದಾರಿ ವರ್ಚುವಲ್ ಎನ್ವಿರಾನ್‌ಮೆಂಟ್. ಒಂದು ಪ್ರಾಜೆಕ್ಟ್‌ಗೆ ಒಂದು ಪ್ರತ್ಯೇಕ ಫೋಲ್ಡರ್. ಅದರೊಳಗೆ ಹಾಕಿದ್ದು ಹೊರಗೆ ಸೋಕುವುದಿಲ್ಲ. ಮೊದಲು ‘ಪೈಥಾನ್3-ವೆನ್ವ್’ ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿಕೊಳ್ಳಬೇಕು. ಅದಿಲ್ಲದಿದ್ದರೆ ‘ಎನ್ಶ್ಯೂರ್‌ಪಿಪ್’ ಇಲ್ಲ ಎಂಬ ದೂರು ಬರುತ್ತದೆ. ಆಮೇಲೆ ಎನ್ವಿರಾನ್‌ಮೆಂಟ್ ಸೃಷ್ಟಿಸಿ, ಆ್ಯಕ್ಟಿವೇಟ್ ಮಾಡಿ, ಪ್ರಾಜೆಕ್ಟ್ ಜೊತೆಗೆ ಬಂದಿರುವ ‘ರಿಕ್ವೈರ್‌ಮೆಂಟ್ಸ್’ ಕಡತವನ್ನು ಪಿಪ್‌ಗೆ ಕೊಡಿ. ಅದರಲ್ಲಿ ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆ ಬರೆದಿದ್ದರೆ ಅದನ್ನು ಬದಲಿಸಬೇಡಿ. ಹೊಸ ಆವೃತ್ತಿ ಒಳ್ಳೆಯದಿರಬಹುದು, ಆದರೆ ಆ ಫಾಂಟ್ ಪರೀಕ್ಷೆಯಾಗಿರುವುದು ಹಳೆಯದರಲ್ಲಿ. ಎಲ್ಲ ಕೆಟ್ಟು ಕೂತರೆ ಆ ಫೋಲ್ಡರ್ ಅಳಿಸಿ ಮತ್ತೆ ಶುರುಮಾಡಬಹುದು. ಕಂಪ್ಯೂಟರ್‌ಗೆ ಏನೂ ಆಗುವುದಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆ

ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ನಂಬಿ ಕೂರುವಂತಿಲ್ಲ. ಅಂಥಲ್ಲಿ ಇಳಿಸುವುದನ್ನೂ ಹಾಕುವುದನ್ನೂ ಬೇರೆ ಬೇರೆ ಮಾಡಿಕೊಳ್ಳಬಹುದು. ‘ಆಪ್ಟ್-ಗೆಟ್’ ಆಜ್ಞೆಗೆ ‘ಹೈಫನ್ ಡಿ’ ಸೇರಿಸಿದರೆ ಅದು ಪ್ಯಾಕೇಜುಗಳನ್ನು ಇಳಿಸಿಡುತ್ತದೆ, ಹಾಕುವುದಿಲ್ಲ. ಲ್ಯಾಪ್‌ಟಾಪನ್ನು ಪೇಟೆಗೆ ಒಯ್ದು, ಒಳ್ಳೆಯ ಇಂಟರ್ನೆಟ್‌ನಲ್ಲಿ ಇಷ್ಟು ಮಾಡಿಕೊಂಡು, ಊರಿಗೆ ಬಂದು ಅದೇ ಆಜ್ಞೆಯನ್ನು ‘ಹೈಫನ್ ಡಿ’ ಇಲ್ಲದೆ ಕೊಟ್ಟರೆ ಸಾಕು.

ಇಳಿದ ಕಡತಗಳು ‘ವಾರ್’ ಫೋಲ್ಡರ್‌ನ ‘ಕ್ಯಾಶ್’ ಒಳಗೆ, ಆಪ್ಟ್‌ನ ‘ಆರ್ಕೈವ್ಸ್’ನಲ್ಲಿರುತ್ತವೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೇರೆ ಕಂಪ್ಯೂಟರ್‌ಗಳಲ್ಲೂ ಬಳಸಬಹುದು. ಆದರೆ ಎರಡು ಷರತ್ತು. ಎರಡೂ ಕಡೆ ಲಿನಕ್ಸ್‌ನ ಆವೃತ್ತಿ ಮತ್ತು ಪ್ರೊಸೆಸರ್ ಬಗೆ ಒಂದೇ ಇರಬೇಕು. ಜೊತೆಗೆ, ಇಳಿಸಿದ ಯಂತ್ರದಲ್ಲಿ ಮೊದಲೇ ಇದ್ದ ಪ್ಯಾಕೇಜುಗಳು ಆ ಕಟ್ಟಿನಲ್ಲಿ ಸೇರಿರುವುದಿಲ್ಲ. ಹಾಗಾಗಿ ಆಗತಾನೇ ಲಿನಕ್ಸ್ ಹಾಕಿದ ಹೊಸ ಯಂತ್ರದಿಂದಲೇ ಇಳಿಸುವುದು ಕ್ಷೇಮ. ಪೈಥಾನ್ ಕಡೆ ಇದೇ ಕೆಲಸಕ್ಕೆ ‘ಪಿಪ್ ಡೌನ್‌ಲೋಡ್’ ಇದೆ.

ಹತ್ತಿಪ್ಪತ್ತು ಕಂಪ್ಯೂಟರ್ ಇರುವ ಕಾಲೇಜು ಲ್ಯಾಬ್‌ಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ‘ಆಪ್ಟ್-ಕ್ಯಾಶರ್-ಎನ್‌ಜಿ’. ಒಂದು ಯಂತ್ರದಲ್ಲಿ ಇದನ್ನು ಹಾಕಿ, ಉಳಿದವು ಅದರ ಮೂಲಕವೇ ಪ್ಯಾಕೇಜ್ ಕೇಳುವಂತೆ ಮಾಡಿದರೆ, ಒಂದು ಕಡತ ಹೊರಗಿನಿಂದ ಇಳಿಯುವುದು ಒಂದೇ ಸಲ. ಉಳಿದ ಯಂತ್ರಗಳಿಗೆ ಅದು ಲ್ಯಾಬ್‌ನ ಒಳಗಿನಿಂದಲೇ ಸಿಗುತ್ತದೆ.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ? ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಲ್ಲೇ ಆರುತ್ತದೆ. ಮುಂದಿನ ಸಲ ಆಪ್ಟ್ ಕೆಲಸ ಮಾಡದೆ, ‘ಡಿಪಿಕೆಜಿ’ಗೆ ಅಡ್ಡಿಯಾಗಿತ್ತು ಎನ್ನುತ್ತದೆ, ಮಾಡಬೇಕಾದ್ದನ್ನೂ ಅದೇ ಸಾಲಿನಲ್ಲಿ ಹೇಳುತ್ತದೆ: ‘ಸುಡೊ ಡಿಪಿಕೆಜಿ’, ಎರಡು ಹೈಫನ್ ಹಾಕಿ ‘ಕಾನ್ಫಿಗರ್’, ಒಂದು ಹೈಫನ್ ಹಾಕಿ ‘ಎ’. ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾಗುತ್ತದೆ. ಇನ್ನೂ ಏನಾದರೂ ಉಳಿದಿದ್ದರೆ ‘ಫಿಕ್ಸ್-ಬ್ರೋಕನ್’ ಆಯ್ಕೆಯೊಡನೆ ಆಪ್ಟ್ ಇನ್‌ಸ್ಟಾಲ್ ಕೊಡಿ. ವ್ಯವಸ್ಥೆಯನ್ನೇ ಮತ್ತೆ ಹಾಕುವ ಪ್ರಮೇಯ ಬರುವುದು ಅಪರೂಪ.

ತಪ್ಪಿನ ಸಂದೇಶ ಓದುವುದು ಹೇಗೆ?

ಬಿಲ್ಡ್ ಕೆಟ್ಟಾಗ ಪರದೆ ತುಂಬ ಸಾಲುಗಳು ಓಡುತ್ತವೆ. ಕಣ್ಣು ಹೋಗುವುದು ಕೊನೆಯ ಸಾಲಿಗೆ. ಆದರೆ ಅಲ್ಲಿ ಇರುವುದು ‘ಕೆಲಸ ಕೆಟ್ಟಿತು’ ಎಂಬ ಒಕ್ಕಣೆ ಮಾತ್ರ. ಕಾರಣ ಮೇಲೆಲ್ಲೋ, ಮೊದಲ ಸಲ ‘ಎರರ್’ ಎಂದು ಬಂದ ಕಡೆ ಇರುತ್ತದೆ. ಅಲ್ಲಿಯವರೆಗೆ ಹಿಂದಕ್ಕೆ ಹೋಗಿ.

‘ಕಮಾಂಡ್ ನಾಟ್ ಫೌಂಡ್’ ಎಂದರೆ ಆ ಉಪಕರಣವೇ ಇಲ್ಲ, ಇಲ್ಲವೇ ಹೆಸರಿನ ಕಾಗುಣಿತ ತಪ್ಪಿದೆ. ‘ನೋ ಮಾಡ್ಯೂಲ್ ನೇಮ್ಡ್’ ಎಂದು ಬಂದರೆ ಪೈಥಾನ್ ಗ್ರಂಥಾಲಯ ಇಲ್ಲ. ಬಹಳ ಸಲ ಎನ್ವಿರಾನ್‌ಮೆಂಟ್ ಆ್ಯಕ್ಟಿವೇಟ್ ಮಾಡಲು ಮರೆತದ್ದೇ ಕಾರಣ. ‘ಡಾಟ್ ಎಚ್’ ಎಂದು ಕೊನೆಯಾಗುವ ಕಡತ ಸಿಗಲಿಲ್ಲ ಎಂದರೆ ಹೆಡರ್ ಕಡತ ಇಲ್ಲ. ಗ್ರಂಥಾಲಯ ಹಾಕಿದ್ದೀನಲ್ಲ ಎಂದು ಗೊಂದಲವಾಗುವುದು ಇಲ್ಲೇ. ಡೆಬಿಯನ್‌ನಲ್ಲಿ ಬಳಸುವವರಿಗೆ ಒಂದು, ಬಿಲ್ಡ್ ಮಾಡುವವರಿಗೆ ಒಂದು ಎಂದು ಗ್ರಂಥಾಲಯಗಳನ್ನು ಎರಡು ಪ್ಯಾಕೇಜ್ ಆಗಿ ಇಟ್ಟಿರುತ್ತಾರೆ. ಎರಡನೆಯದರ ಹೆಸರು ‘ಹೈಫನ್ ಡೆವ್’ ಎಂದು ಮುಗಿಯುತ್ತದೆ. ಬೇಕಾದದ್ದು ಅದು. ಯಾವ ಕಡತ ಯಾವ ಪ್ಯಾಕೇಜ್‌ನಲ್ಲಿದೆ ಎಂದು ‘ಆಪ್ಟ್-ಫೈಲ್’ ಹುಡುಕಿಕೊಡುತ್ತದೆ.

ಊರ ಹೆಸರುಗಳಲ್ಲಿ ಪರೀಕ್ಷೆ

ಬಿಲ್ಡ್ ಆದ ಪ್ಯಾಕೇಜ್ ಹಾಕಿಕೊಂಡು ‘ಎಫ್‌ಸಿ-ಲಿಸ್ಟ್’ ಆಜ್ಞೆಯಲ್ಲಿ ಭಾಷೆಯನ್ನು ‘ಕೆಎನ್’ ಎಂದು ಕೊಟ್ಟರೆ ಕಂಪ್ಯೂಟರ್‌ನಲ್ಲಿರುವ ಕನ್ನಡ ಫಾಂಟ್‌ಗಳ ಪಟ್ಟಿ ಬರುತ್ತದೆ. ಅದೇ ಫಾಂಟ್‌ನ ಹಳೆಯ ಪ್ರತಿಯೊಂದು ಮನೆಯ ಫೋಲ್ಡರ್‌ನಲ್ಲಿ ಉಳಿದಿದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ತಿದ್ದಿದ್ದು ಒಂದು, ಕಾಣುತ್ತಿರುವುದು ಇನ್ನೊಂದು ಎಂದಾಗುತ್ತದೆ.

ಪರೀಕ್ಷೆಗೆ ಮೊದಲೇ ಹೇಳಿದ ನಾಲ್ಕು ತಾಲ್ಲೂಕುಗಳ ಪೂರ್ಣ ಹೆಸರೇ ಸಾಕು. ‘ಕೃಷ್ಣರಾಜನಗರ’ದ ಮೊದಲ ಭಾಗ ‘ಕೃಷ್ಣ’ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಐದು: ಕ, ವಟ್ರಸುಳಿ, ಷ, ಹಲಂತ ಚಿಹ್ನೆ, ಣ. ಈ ಐದನ್ನು ಎರಡಾಗಿ ಜೋಡಿಸುವುದು ‘ಹಾರ್ಫ್‌ಬಜ್’ ಎಂಬ ತಂತ್ರಾಂಶ. ಹೇಗೆ ಜೋಡಿಸಬೇಕು ಎಂಬ ನಿಯಮ ಫಾಂಟ್ ಒಳಗಿನ ಕೋಷ್ಟಕದಲ್ಲಿರುತ್ತದೆ. ‘ಹೆಗ್ಗಡದೇವನಕೋಟೆ’ಯಲ್ಲಿ ಗಕಾರಕ್ಕೆ ಗಕಾರದ್ದೇ ಒತ್ತು ಇದೆ. ‘ಕೋ’ ಬೇರೆ ಇದೆ. ಅದರ ಒಂದೇ ಸ್ವರಚಿಹ್ನೆಯನ್ನು ಜೋಡಿಸುವ ತಂತ್ರಾಂಶ ಮೂರು ತುಂಡಾಗಿ ಒಡೆದುಕೊಳ್ಳುತ್ತದೆ. ‘ಪಿರಿಯಾಪಟ್ಟಣ’ದಲ್ಲಿ ಗುಡಿಸು ಸೇರಿದಾಗ ಆಕಾರ ಬದಲಾಗುವ ಪಿ, ರಿ ಇವೆ, ಟಕಾರದ ಒತ್ತಿದೆ. ‘ಹುಣಸೂರು’ ಕೊಂಬುಗಳಿಗೆ ಒಳ್ಳೆಯ ಪರೀಕ್ಷೆ; ಹ್ರಸ್ವ, ದೀರ್ಘ ಎರಡೂ ಇವೆ.

ಇವುಗಳಲ್ಲಿ ಅರ್ಕಾವತ್ತು ಇಲ್ಲ. ಅದಕ್ಕೆ ಹುಣಸೂರು ತಾಲ್ಲೂಕಿನ ‘ಕರ್ಣಕುಪ್ಪೆ’ ಸೇರಿಸಿ. ರಕಾರದ ಒತ್ತಿಗೆ ‘ಸಾಲಿಗ್ರಾಮ’ ಇದೆ. ರ್ಣ ಮತ್ತು ಗ್ರಾ ಎರಡರಲ್ಲೂ ರಕಾರವಿದ್ದರೂ ಅದರ ಜಾಗವೂ ರೂಪವೂ ಬೇರೆ ಬೇರೆ. ಕೆಟ್ಟ ಫಾಂಟ್ ಮೊದಲು ಎಡವುವುದು ಇಲ್ಲಿ. ಇವನ್ನು ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿ 12ರ ಗಾತ್ರದಲ್ಲೂ 72ರ ಗಾತ್ರದಲ್ಲೂ ನೋಡಿ, ಸಾಲಿನ ಅಂತರ ಕಡಿಮೆ ಮಾಡಿ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆಯೇ ನೋಡಿ, ಸಾಧ್ಯವಾದರೆ ಕಾಗದಕ್ಕೆ ಪ್ರಿಂಟ್ ತೆಗೆಯಿರಿ.

ಯಾರನ್ನು ನಂಬಬೇಕು?

ಡಿಪೆಂಡೆನ್ಸಿ ತರುವುದೆಂದರೆ ಅಪರಿಚಿತರು ಬರೆದ ತಂತ್ರಾಂಶವನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ನಡೆಸುವುದು. 2024ರ ಮಾರ್ಚ್ ಕೊನೆಯಲ್ಲಿ ‘ಎಕ್ಸ್‌ಝಡ್’ ಎಂಬ, ಕಡತ ಕುಗ್ಗಿಸುವ ಸಾಮಾನ್ಯ ತಂತ್ರಾಂಶದ ಹೊಸ ಆವೃತ್ತಿಯೊಳಗೆ ಹಿಂಬಾಗಿಲು ಅಡಗಿಸಿಟ್ಟದ್ದು ಬಯಲಾಯಿತು. ವರ್ಷಗಳ ಕಾಲ ವಿಶ್ವಾಸ ಗಳಿಸಿಕೊಂಡ ಸಹಾಯಕನ ಕೈವಾಡ ಅದು. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು. ಅದು ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ.

ಇದರಿಂದ ಕಲಿಯುವುದು ಇಷ್ಟೇ. ಸಾಧ್ಯವಾದಷ್ಟನ್ನು ನಿಮ್ಮ ಲಿನಕ್ಸ್‌ನ ಅಧಿಕೃತ ಭಂಡಾರದಿಂದ, ಸ್ಥಿರ ಆವೃತ್ತಿಯಿಂದ ತನ್ನಿ. ಯಾವುದೋ ತಾಣದ ಸ್ಕ್ರಿಪ್ಟನ್ನು ಇಳಿಸಿ ನೇರವಾಗಿ ಸುಡೊಗೆ ಕೊಡುವ ಒಂದೇ ಸಾಲಿನ ಆಜ್ಞೆಗಳನ್ನು ಕಣ್ಣುಮುಚ್ಚಿ ಅಂಟಿಸಬೇಡಿ. ಸುಡೊ ಬೇಕಾದದ್ದು ಪ್ಯಾಕೇಜ್ ಹಾಕಲು, ವ್ಯವಸ್ಥೆಯ ಕಡತ ತಿದ್ದಲು. ಬಿಲ್ಡ್ ಮಾಡಲು ಬೇಡ. ಬಿಲ್ಡ್ ಸುಡೊ ಕೇಳುತ್ತಿದ್ದರೆ ಏಕೆಂದು ಮೊದಲು ತಿಳಿದುಕೊಳ್ಳಿ.

ಎಲ್ಲ ಆದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಬಹುತೇಕರು ಬಿಟ್ಟುಬಿಡುವುದು ಅದನ್ನೇ. ಯಾವ ಲಿನಕ್ಸ್, ಯಾವ ಆವೃತ್ತಿ, ಯಾವ ಯಾವ ಪ್ಯಾಕೇಜ್, ಯಾವ ಕ್ರಮದಲ್ಲಿ ಹಾಕಿದಿರಿ, ಎಲ್ಲಿ ಯಾವ ತಪ್ಪು ಬಂತು, ಏನು ಮಾಡಿದಾಗ ಸರಿಹೋಯಿತು ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಕನ್ನಡದಲ್ಲೇ ಬರೆಯಿರಿ. ಅದನ್ನು ಫಾಂಟ್‌ನ ಮೂಲದ ಜೊತೆಗೇ ಇಡಿ, ನಿಮ್ಮ ಕಾಲೇಜಿನ ಲ್ಯಾಬ್‌ಗೂ ಒಂದು ಪ್ರತಿ ಕೊಡಿ. ತಂತ್ರಾಂಶ ಬಳಸುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಬಿಲ್ಡ್ ಮಾಡುವವರ ಸಂಖ್ಯೆ ಹೆಚ್ಚಬೇಕಾದರೆ ಇಂಥ ಕಡತಗಳು ಹೆಚ್ಚಬೇಕು.